ಹಳೇ ಬೈಕಿಗೆ ಫೇರಿಂಗ್ ಕೂರಿಸುವ ಮೊದಲು ಸ್ಟೇ ನೋಡಿ

ಹಳೇ ಕರಿಜ್ಮಾ, ಪಲ್ಸರ್ 220, 2008ರಲ್ಲಿ ಬಂದ ಮೊದಲ ಆರ್15. ಮೂರೂ ಮುಂದೆ ಫೇರಿಂಗ್, ಅಂದರೆ ಪ್ಲಾಸ್ಟಿಕ್ ಹೊದಿಕೆ, ಇರುವ ಬೈಕುಗಳು. ನಮ್ಮ ಮಡಿಕೇರಿ ಕಡೆ ಇವನ್ನು ಇವತ್ತಿಗೂ ಆಸೆಪಟ್ಟು ಇಟ್ಟುಕೊಂಡವರಿದ್ದಾರೆ. ವರ್ಕ್‌ಶಾಪಿಗೆ ಬಂದಾಗ ಅವರದ್ದು ಒಂದೇ ದೂರು: "ಅಣ್ಣಾ, ಹೊಸ ಫೇರಿಂಗ್ ಹಾಕಿಸಿದೆ. ಆದ್ರೂ ಸೊಟ್ಟ ಕಾಣ್ತದೆ. ಬೋಲ್ಟು ತೂತಿಗೇ ಬರೂದಿಲ್ಲ."

ತೊಂದರೆ ಸಾಮಾನ್ಯವಾಗಿ ಒಳಗಿನ ಸ್ಟೇಯಲ್ಲಿ, ಅಂದರೆ ಫೇರಿಂಗನ್ನು ಹಿಡಿದಿಡುವ ಚೌಕಟ್ಟಿನಲ್ಲಿ ಇರುತ್ತದೆ. ಈ ಬೈಕುಗಳಲ್ಲಿ ಫೇರಿಂಗ್ ಹ್ಯಾಂಡಲ್ ಜೊತೆ ತಿರುಗುವುದಿಲ್ಲ, ಫ್ರೇಮಿಗೆ ಕೂತಿರುತ್ತದೆ. ಮುಂದಿನ ಭಾರ ಹೊರುವುದು ಕಬ್ಬಿಣದ ಆ ಸ್ಟೇ. ಬೈಕ್ ಒಂದು ಸಲ ಬಿದ್ದರೆ ಸಾಕು, ಪ್ಲಾಸ್ಟಿಕ್ಕಿಗೆ ಏನೂ ಆಗದಿದ್ದರೂ ಸ್ಟೇ ಬಗ್ಗಿರಬಹುದು. ಅದರ ಮೇಲೆ ನಮ್ಮ ಮಳೆಗಾಲ. ವೆಲ್ಡಿಂಗ್ ಸಂದಿಯಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ, ಪೇಂಟಿನ ಅಡಿಯಲ್ಲೇ ಬಿರುಕು ಬಿಡುತ್ತದೆ. ವೈರ್ ಬ್ರಶ್ಶಲ್ಲಿ ಉಜ್ಜದೆ ಅದು ಕಣ್ಣಿಗೆ ಬೀಳುವುದಿಲ್ಲ.

ಫೋರ್ಕನ್ನೂ ನೋಡಿ. ಬಿದ್ದ ಬೈಕಿನ ಫೋರ್ಕ್ ಟಿ (ಫೋರ್ಕಿನ ಎರಡು ಕೊಳವೆಗಳನ್ನೂ ಹಿಡಿಯುವ ಕ್ಲಾಂಪ್) ಒಳಗೆ ತಿರುಚಿಕೊಂಡಿದ್ದರೆ ಹ್ಯಾಂಡಲ್ ನೇರ ಹಿಡಿದರೂ ಚಕ್ರ ಪಕ್ಕಕ್ಕೆ ನೋಡುತ್ತದೆ. ಅಂಥ ಚಕ್ರವನ್ನು ನಂಬಿ ಫೇರಿಂಗ್ ಹೊಂದಿಸಿದರೆ ಕೆಲಸ ಪೂರ್ತಿ ಕೆಟ್ಟಿತು. ಟಿ ಬೋಲ್ಟು, ಆಕ್ಸೆಲ್ ಸಡಿಲಿಸಿ ಮೊದಲು ಅದನ್ನು ಸರಿಮಾಡಿ. ಆಮೇಲೆ ಸಮತಟ್ಟು ನೆಲದಲ್ಲಿ ಬೈಕ್ ನೆಟ್ಟಗೆ ನಿಲ್ಲಿಸಿ, ಫೇರಿಂಗ್ ಮೇಲಿನ ವೈಸರಿನ (ಗಾಳಿ ತಡೆಯುವ ಹಾಳೆಯ) ಮಧ್ಯದಿಂದ ಗಾರೆಯವರ ತೂಗುಗುಂಡು ಇಳಿಬಿಡಿ. ದಾರ ಟೈರಿನ ನಟ್ಟನಡುವೆ ಬರಬೇಕು. ಟ್ಯಾಂಕಿನಿಂದ ಫೇರಿಂಗ್ ಅಂಚಿಗೆ ಎಡಕ್ಕೂ ಬಲಕ್ಕೂ ಟೇಪ್ ಹಿಡಿಯಿರಿ. ಎರಡೂ ಕಡೆ ಒಂದೇ ಅಳತೆ ಸಿಕ್ಕರೆ ಮುಂದುವರಿಯಿರಿ. ಇಲ್ಲದಿದ್ದರೆ ತಿದ್ದಬೇಕಾದ್ದು ಸ್ಟೇ.

ನಾನು ಜಾಸ್ತಿ ಹೊತ್ತು ಕಳೆಯುವುದು ರಬ್ಬರು, ಕಾಲರುಗಳ ಜೊತೆ. ಫೇರಿಂಗಿನ ತೂತಿನಲ್ಲಿ ರಬ್ಬರ್ ಗ್ರೊಮೆಟ್ (ರಬ್ಬರಿನ ಬಳೆ), ಅದರೊಳಗೆ ಕಾಲರ್ ಅನ್ನುವ ಪುಟ್ಟ ಕಬ್ಬಿಣದ ಕೊಳವೆ. ಬೋಲ್ಟ್ ಬಿಗಿದಂತೆ ರಬ್ಬರ್ ಚೂರು ಒತ್ತಿಕೊಳ್ಳುತ್ತದೆ, ವಾಷರ್ ಕಾಲರಿಗೆ ತಾಗಿದ ಕೂಡಲೇ ನಿಲ್ಲುತ್ತದೆ. ಬಿಗಿತವೆಲ್ಲ ಕಬ್ಬಿಣದ ಮೇಲೆ, ಪ್ಲಾಸ್ಟಿಕ್ ರಬ್ಬರಿನ ನಡುವೆ ಹಾಯಾಗಿ ಇರುತ್ತದೆ. ಹಳೇ ಬೈಕುಗಳಲ್ಲಿ ಈ ಕಾಲರ್ ಎಲ್ಲೋ ಬಿದ್ದುಹೋಗಿರುತ್ತದೆ. ಅದಿಲ್ಲದೆ ಬಿಗಿದರೆ ಬೋಲ್ಟ್ ನೇರ ಪ್ಲಾಸ್ಟಿಕ್ಕನ್ನೇ ಹಿಂಡುತ್ತದೆ. ತೋಟದ ರಸ್ತೆಯಲ್ಲಿ ನಾಲ್ಕು ದಿನ ಓಡಾಡಿದರೆ ತೂತಿನ ಸುತ್ತ ಕೂದಲಿನಂಥ ಬಿರುಕುಗಳು ಏಳುತ್ತವೆ. ಅಂಗಡಿಯಲ್ಲಿ ಸಿಗದಿದ್ದರೆ ಲೇತಲ್ಲಿ ಮಾಡಿಸಿ. ಇದರಲ್ಲಿ ಮಾತ್ರ ಕಾಸು ಉಳಿಸಲು ಹೋಗಬೇಡಿ.

ಬೋಲ್ಟ್ ಸಡಿಲಾಗದಿರಲಿ ಅಂತ ಕೆಲವರು ಥ್ರೆಡ್‌ಲಾಕರ್ ಅನ್ನುವ ಅಂಟು ಸುರಿಯುತ್ತಾರೆ. ಸ್ಟೇಯನ್ನು ಫ್ರೇಮಿಗೆ ಹಿಡಿಯುವ ಬೋಲ್ಟಿಗೆ ಒಂದು ಹನಿ ಸರಿ. ಫೇರಿಂಗಿನ ಹತ್ತಿರ ಬೇಡವೇ ಬೇಡ. ಫೇರಿಂಗಿನ ಎಬಿಎಸ್ ಪ್ಲಾಸ್ಟಿಕ್ಕಿಗೆ ತಾಗಿದರೆ ಪ್ಲಾಸ್ಟಿಕ್ ಸೀಳುತ್ತದೆ.

ಕೂರಿಸುವಾಗ ಮೇಲಿನಿಂದ ಶುರು ಮಾಡಿ. ಎಲ್ಲ ಬೋಲ್ಟುಗಳನ್ನೂ ಕೈಯಲ್ಲೇ ಎರಡು ಮೂರು ಸುತ್ತು ಹತ್ತಿಸಿ, ಒಂದನ್ನೂ ಬಿಗಿಯಬೇಡಿ. ಕೊನೆಯದ್ದು ಸಲೀಸಾಗಿ ಹತ್ತಿದ ಮೇಲಷ್ಟೇ 10ರ ಸ್ಪ್ಯಾನರ್ ಎತ್ತಿಕೊಳ್ಳಿ. ಒರಿಜಿನಲ್ ಅಲ್ಲದ ಫೇರಿಂಗಲ್ಲಿ ತೂತು ಎರಡು ಮೂರು ಮಿ.ಮೀ. ಆಚೀಚೆ ಇರುವುದುಂಟು. ಆಗ ಎಳೆದು ಸೇರಿಸುವ ಬದಲು ದುಂಡು ಅರದಿಂದ ತೂತನ್ನು ಚೂರು ಅಗಲಿಸಿ ದೊಡ್ಡ ವಾಷರ್ ಹಾಕಿ. ಮೊದಲೇ ಬಿರುಕಿದ್ದರೆ ಅದರ ತುದಿಯಲ್ಲಿ 3 ಮಿ.ಮೀ. ತೂತು ಕೊರೆದರೆ ಅದು ಮುಂದಕ್ಕೆ ಓಡುವುದು ನಿಲ್ಲುತ್ತದೆ, ಅಲ್ಲಿಂದ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿಸಬಹುದು.

ನಂತರ ಎಂಜಿನ್ ಸ್ಟಾರ್ಟ್ ಮಾಡಿ ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಲಿವರ್ ಮತ್ತು ಫೇರಿಂಗ್ ನಡುವೆ ಬೆರಳು ಹೋಗುವಷ್ಟು ಜಾಗ ಇರಬೇಕು. ತಿರುಗಿಸುವಾಗ ಎಂಜಿನ್ ಸದ್ದು ಏರಿತೋ, ಆಕ್ಸಿಲರೇಟರ್ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ ಎಂದೇ ಅರ್ಥ. ಸಂಪಾಜೆ ಘಾಟಿಯ ತಿರುವಿನಲ್ಲಿ ಹಾಗಾದರೆ ಗತಿಯೇನು? ಇದನ್ನು ನೋಡದೆ ಯಾವ ಬೈಕನ್ನೂ ನಾನು ಹೊರಗೆ ಕಳಿಸುವುದಿಲ್ಲ.

ಫೇರಿಂಗ್ ಅಲುಗಿದರೆ ಹೆಡ್‌ಲೈಟೂ ಅಲುಗಿದ ಹಾಗೇ ಅಲ್ವಾ? ಸವಾರನನ್ನು ಕೂರಿಸಿ, ಗೋಡೆಯಿಂದ ಸುಮಾರು 25 ಅಡಿ ದೂರ ನಿಲ್ಲಿಸಿ ಡಿಮ್ ಹಾಕಿ. ಬೆಳಕಿನ ಮೇಲಂಚು ಲೈಟಿನ ಎತ್ತರಕ್ಕಿಂತ ಸ್ವಲ್ಪ ಕೆಳಗೇ ಬೀಳಬೇಕು. ಮೇಲೆ ಬಿದ್ದರೆ ಮಂಜಿನಲ್ಲಿ ಬೆಳಕೆಲ್ಲ ತಿರುಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ವಾರ ಓಡಿಸಿ ರಬ್ಬರ್ ಕೂತ ಮೇಲೆ ಬೋಲ್ಟುಗಳನ್ನೂ ಲೈಟನ್ನೂ ಇನ್ನೊಮ್ಮೆ ನೋಡಿಸಿಕೊಂಡು ಹೋಗಿ.