ಪದ ಪರಿಚಯ: ಡಿಸೈನರ್ ಪ್ಯಾಟರ್ನ್

"ಮೇಡಂ, ಯಾವ ಪ್ಯಾಟರ್ನ್ ಇಡಲಿ?" ಬ್ಲೌಸ್ ಹೊಲಿಸಲು ಹೋದವರೆಲ್ಲ ಈ ಪ್ರಶ್ನೆ ಕೇಳಿರುತ್ತಾರೆ. ಅಲ್ಲಿ ಪ್ಯಾಟರ್ನ್ ಅಂದರೆ ಕತ್ತಿನ ಡಿಸೈನ್. ಪಾಟ್ ನೆಕ್ಕೋ ಬೋಟ್ ನೆಕ್ಕೋ, ಹಿಂದೆ ದಾರ ಬೇಕೋ ಬೇಡವೋ. ಗೋಡೆಗೆ ಅಂಟಿಸಿದ ಫೋಟೋ ಕಡೆ ಬೆರಳು ತೋರಿಸಿದರೆ ಮಾತು ಮುಗಿಯಿತು.

ಮನೆಯಲ್ಲೇ ಜಾಕೆಟ್ ಹೊಲಿಯುವವರು "ಒಂದು ಡಿಸೈನರ್ ಪ್ಯಾಟರ್ನ್ ತಗೊಂಡೆ" ಅಂದಾಗ ಅರ್ಥ ಬೇರೆ. (ಜಾಕೆಟ್ ಅಂದದ್ದು ಕೋಟಿನ ಜಾತಿಯದ್ದು. ನಮ್ಮಜ್ಜಿ ರವಿಕೆಗೇ ಜಾಕೀಟು ಅನ್ನುತ್ತಿದ್ದರು, ಅದಲ್ಲ.) ಅವರು ಕೊಂಡಿರುವುದು ಫೋಟೋ ಅಲ್ಲ, ಕಾಗದ. ಉಡುಪಿನ ಒಂದೊಂದು ತುಂಡನ್ನೂ ನಿಜವಾದ ಅಳತೆಯಲ್ಲಿ ಬರೆದಿರುವ ಕಾಗದ. ಅದನ್ನು ಬಟ್ಟೆಯ ಮೇಲೆ ಹರಡಿ, ಗುಂಡುಸೂಜಿ ಚುಚ್ಚಿ, ಸುತ್ತ ಕತ್ತರಿಸಿ, ಜೊತೆಗಿರುವ ಸೂಚನೆಯಂತೆ ಹೊಲಿಯಬೇಕು. ಆ ಕಾಗದದ ಹಿಂದೆ ಹೆಸರಾಂತ ಫ್ಯಾಷನ್ ಡಿಸೈನರ್ ಒಬ್ಬರ ಕೆಲಸ ಇದ್ದು, ಅವರ ಒಪ್ಪಿಗೆಯಿಂದಲೇ ಅದು ಮಾರಾಟಕ್ಕೆ ಬಂದಿದ್ದರೆ ಅದು ಡಿಸೈನರ್ ಪ್ಯಾಟರ್ನ್.

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿದವರಿಗೆ ಈ ಕಾಗದ ಹೊಸದಲ್ಲ. ಅಲ್ಲಿ ಪ್ಯಾಟರ್ನ್ ಮಾಸ್ಟರ್ ಅಂತಲೇ ಒಬ್ಬರಿರುತ್ತಾರೆ. ಒಂದು ಸೈಜಿಗೆ ಮಾಡಿದ್ದನ್ನು ಉಳಿದ ಸೈಜುಗಳಿಗೆ ಹಿಗ್ಗಿಸಿ ಕುಗ್ಗಿಸುವುದಕ್ಕೆ ಗ್ರೇಡಿಂಗ್ ಅನ್ನುತ್ತಾರೆ. ಆದರೆ ನಮ್ಮ ಬೀದಿಯ ಟೈಲರ್‌ಗೆ ಕಾಗದ ಬೇಕಿಲ್ಲ. ನೀವು ಕೊಟ್ಟ ಅಳತೆ ಬ್ಲೌಸನ್ನು ಮಡಚಿ ಬಟ್ಟೆಯ ಮೇಲಿಡುತ್ತಾರೆ, ಚಾಕ್‌ನಲ್ಲಿ ನಾಲ್ಕು ಗೆರೆ ಎಳೆಯುತ್ತಾರೆ, ಕತ್ತರಿ ಆಡಿಸುತ್ತಾರೆ. ಕಂಕುಳಲ್ಲಿ ಎಷ್ಟು ಬಿಡಬೇಕು, ಟಕ್ಸ್ ಎಲ್ಲಿ ಬರಬೇಕು, ಎಲ್ಲವೂ ಅವರ ತಲೆಯಲ್ಲಿದೆ. ಹಾಗೆ ನೋಡಿದರೆ ಪ್ಯಾಟರ್ನ್ ಅಂದರೆ ಟೈಲರ್ ತಲೆಯಲ್ಲಿರುವುದನ್ನು ಇಳಿಸಿಟ್ಟ ಕಾಗದ. ಡಿಸೈನರ್ ಪ್ಯಾಟರ್ನ್ ಕೊಂಡವರು ದೂರದ ಒಂದು ತಲೆಯನ್ನು ಲಕೋಟೆಯಲ್ಲಿ ತಂದಿರುತ್ತಾರೆ.

ಈ ಇಂಗ್ಲಿಷ್ ಪದ ಹುಟ್ಟಿದ್ದು ಫ್ರೆಂಚಿನ 'ಪತ್ರೋಂ' ಇಂದ. ಪೋಷಕ, ಮಾದರಿ, ಎರಡೂ ಅರ್ಥ ಅದಕ್ಕಿತ್ತು. ಫ್ರೆಂಚರು ಇವತ್ತಿಗೂ ಹೊಲಿಗೆಯ ಕಾಗದಕ್ಕೆ ಅದೇ ಪದ ಬಳಸುತ್ತಾರೆ. ಕನ್ನಡದಲ್ಲಿ 'ಮಾದರಿ' ಅನ್ನಬಹುದು, ಆದರೆ ಹೊಲಿದು ತೋರಿಸಿದ ಸ್ಯಾಂಪಲ್ಲಿಗೂ ಅದನ್ನೇ ಅನ್ನುತ್ತೇವೆ. 'ಪಡಿಯಚ್ಚು' ಚೆಂದದ ಪದ, ಆದರೆ ಅದು ಅಚ್ಚಿನಿಂದ ಬಂದದ್ದು, ಅಚ್ಚಲ್ಲ. ಸುಮ್ನೆ ಪ್ಯಾಟರ್ನ್ ಅಂತಲೇ ಇಟ್ಟುಕೊಳ್ಳೋಣ.

ಕಾಗದದ ಈ ವ್ಯಾಪಾರ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಮ್ಯಾಸಚೂಸೆಟ್ಸ್‌ನ ಸ್ಟರ್ಲಿಂಗ್ ಅನ್ನುವ ಸಣ್ಣ ಊರಲ್ಲಿ ಎಬೆನೆಜರ್ ಬಟರಿಕ್ ಎಂಬ ಟೈಲರ್ ಇದ್ದ. ಅದಕ್ಕೆ ಮುಂಚೆಯೂ ಪ್ಯಾಟರ್ನ್ ಸಿಗುತ್ತಿದ್ದವು, ಆದರೆ ಬಹುಪಾಲು ಒಂದೇ ಸೈಜಿನವು. ಉಳಿದದ್ದು ಹೊಲಿಯುವವರ ಹಣೆಬರಹ. 1863ರಲ್ಲಿ ಬಟರಿಕ್ ಬೇರೆ ಬೇರೆ ಸೈಜಿನ ಪ್ಯಾಟರ್ನ್ ಮಾರತೊಡಗಿದ. ಮೊದಲು ಗಂಡಸರ ಶರ್ಟು, ಹುಡುಗರ ಬಟ್ಟೆ. ಗಟ್ಟಿ ರಟ್ಟು ಬಿಟ್ಟು ತೆಳುವಾದ ಟಿಶ್ಯೂ ಕಾಗದಕ್ಕೆ ಬದಲಾಯಿಸಿಕೊಂಡ ಮೇಲೆ ಮಡಚಿ ಅಂಚೆಯಲ್ಲಿ ಕಳಿಸುವುದು ಸಲೀಸಾಯಿತು. ಈಗಲೂ ಲಕೋಟೆ ಬಿಚ್ಚಿದರೆ ಅದೇ ಗರಗರ ಅನ್ನುವ ಕಾಗದ. ಒಮ್ಮೆ ಬಿಚ್ಚಿದ್ದನ್ನು ಮತ್ತೆ ಅದೇ ಲಕೋಟೆಯೊಳಗೆ ತುರುಕಿದವರನ್ನು ನಾನಂತೂ ನೋಡಿಲ್ಲ.

ಡಿಸೈನರ್ ಹೆಸರು ಇದಕ್ಕೆ ಸೇರಿದ್ದು ಆಮೇಲೆ. 1920ರ ದಶಕದಲ್ಲೇ ಮೆಕಾಲ್ ಕಂಪನಿ ಪ್ಯಾರಿಸ್ಸಿನ ಡಿಸೈನರ್‌ಗಳ ಉಡುಪುಗಳನ್ನು ಪ್ಯಾಟರ್ನ್ ಮಾಡಿ ಮಾರಿತ್ತು. ಜನರ ನೆನಪಲ್ಲಿ ನಿಂತದ್ದು ಮಾತ್ರ ಅಮೆರಿಕದ ಫ್ಯಾಷನ್ ಪತ್ರಿಕೆ ವೋಗ್. 1899ರಿಂದಲೇ ಪ್ಯಾಟರ್ನ್ ಮಾರುತ್ತಿದ್ದ ವೋಗ್, 1949ರಲ್ಲಿ 'ಪ್ಯಾರಿಸ್ ಒರಿಜಿನಲ್' ಅನ್ನುವ ಸಾಲು ತಂದಿತು. ಬಾಲ್ಮ್ಯಾಂ, ಲಾನ್ವಿನ್, ಸ್ಕ್ಯಾಪರೆಲ್ಲಿ ಅಂಥವರ ಉಡುಪುಗಳು, ಅವರ ಹೆಸರಲ್ಲೇ. ಲಕೋಟೆಯ ಜೊತೆ ಒಂದು ನೇಯ್ದ ಲೇಬಲ್ಲೂ ಬರುತ್ತಿತ್ತು, ಹೊಲಿದು ಮುಗಿಸಿದ ಮೇಲೆ ಒಳಗೆ ಹಚ್ಚಿಕೊಳ್ಳಲು. ಹೊಲಿದದ್ದು ಅಡುಗೆಮನೆಯ ಟೇಬಲ್ ಮೇಲೆ, ಲೇಬಲ್ ಪ್ಯಾರಿಸ್ಸಿನದು! ನನಗಂತೂ ಈ ಸಾಲಿನಲ್ಲಿ ಅದೇ ಬಲು ಇಷ್ಟ. 1967ರಲ್ಲಿ ಅಮೆರಿಕದ ಡಿಸೈನರ್‌ಗಳ ಸಾಲೂ ಬಂತು. 80ರ ದಶಕದಲ್ಲಿ ಜಪಾನಿನ ಇಸ್ಸೆ ಮಿಯಾಕೆಯ ಪ್ಯಾಟರ್ನ್‌ಗಳು ಬಂದವು. ಅವುಗಳ ತುಂಡುಗಳನ್ನು ನೋಡಿದರೆ ಯಾವುದು ತೋಳು, ಯಾವುದು ಬೆನ್ನು ಅಂತ ಗೊತ್ತಾಗುವುದೇ ಇಲ್ಲ. ಹೊಲಿದ ಮೇಲೆಯೇ ತಿಳಿಯುವುದು.

ಸರಿ, ಫೋಟೋ ನೋಡಿ ಹೊಲಿದರೆ ಏನು ಕಮ್ಮಿ? ಕಂಡದ್ದನ್ನು ಹಾಗೇ ಹೊಲಿದುಕೊಡುವ ಟೈಲರ್‌ಗಳು ನಮ್ಮಲ್ಲಿ ಬೇಕಾದಷ್ಟು ಇದ್ದಾರಲ್ಲ? ಬ್ಲೌಸಿಗಾದರೆ ನಿಜ. ಜಾಕೆಟ್‌ನಲ್ಲಿ ಮಾತ್ರ ಫೋಟೋಗೆ ಸಿಗದ ಕೆಲಸವೇ ಜಾಸ್ತಿ.

ಕಾಲರ್ ತೆಗೆದುಕೊಳ್ಳಿ. ಕಾಲರ್‌ಗೆ ಮೇಲಿನ ತುಂಡು, ಕೆಳಗಿನ ತುಂಡು ಎರಡಿರುತ್ತವೆ. ನೋಡಲು ಒಂದೇ ಆಕಾರ. ಒಳ್ಳೆಯ ಪ್ಯಾಟರ್ನ್‌ನಲ್ಲಿ ಮೇಲಿನದು ಕೂದಲೆಳೆಯಷ್ಟು ದೊಡ್ಡದು, ಒಂದೆರಡು ಮಿಲಿಮೀಟರ್ ಅಷ್ಟೇ. ದಪ್ಪ ಬಟ್ಟೆ ಮಡಚಿದಾಗ ಹೊರಗಿನ ಪದರ ಜಾಸ್ತಿ ದೂರ ಸುತ್ತಬೇಕು. ಅದಕ್ಕೆ ಬೇಕಾದ ಬಟ್ಟೆ ಕೊಡದಿದ್ದರೆ ಕಾಲರ್‌ನ ಮೂಲೆ ಹಪ್ಪಳದ ಹಾಗೆ ಮೇಲಕ್ಕೆ ಸುರುಳುತ್ತದೆ. ರೆಡಿಮೇಡ್ ಬ್ಲೇಜರ್‌ಗಳಲ್ಲಿ ಇದನ್ನು ನೀವೂ ನೋಡಿರುತ್ತೀರಿ.

ಇನ್ನು ತೋಳು. ಜಾಕೆಟ್ ತೋಳು ಸಾಮಾನ್ಯವಾಗಿ ಎರಡು ತುಂಡಿನದು, ಮೊಣಕೈ ಹತ್ತಿರ ಸ್ವಲ್ಪ ಬಾಗಿರುತ್ತದೆ. ನಮ್ಮ ಕೈಯೂ ನೆಟ್ಟಗೆ ಇಳಿಯುವುದಿಲ್ಲ, ಮುಂದಕ್ಕೆ ಬಾಗಿಯೇ ಇಳಿಯುತ್ತದೆ ಅಲ್ವಾ? ತೋಳಿನ ಮೇಲ್ಭಾಗದ ಸುತ್ತು, ಅದು ಕೂರಬೇಕಾದ ಕಂಕುಳ ಸುತ್ತಿಗಿಂತ ಒಂದು ಇಂಚಿನಷ್ಟೋ ಅದಕ್ಕಿಂತ ತುಸು ಜಾಸ್ತಿಯೋ ಇರುತ್ತದೆ. ಮೊದಲ ಸಲ ಹೊಲಿಯುವವರು "ಅಯ್ಯೋ, ಕಟಿಂಗ್ ತಪ್ಪಾಯ್ತು" ಅಂದುಕೊಂಡು ಹೆಚ್ಚುವರಿಯನ್ನು ಕತ್ತರಿಸಿಬಿಡುತ್ತಾರೆ. ಅದು ತಪ್ಪಲ್ಲ. ಆ ಹೆಚ್ಚುವರಿಯನ್ನು ಸಡಿಲ ಹೊಲಿಗೆಯಲ್ಲಿ ಮೆಲ್ಲಗೆ ಎಳೆದು, ಒಂದೂ ನೆರಿಗೆ ಕಾಣದಂತೆ ಹಬೆಯ ಇಸ್ತ್ರಿಯಲ್ಲಿ ಕೂರಿಸಬೇಕು. ಆಗ ಭುಜದ ತುದಿ ಗುಂಡಗೆ ತುಂಬಿಕೊಳ್ಳುತ್ತದೆ. ಉಣ್ಣೆ ಇದಕ್ಕೆ ಮಣಿಯುತ್ತದೆ. ಗಟ್ಟಿ ಹತ್ತಿ ಬಟ್ಟೆ ಸುಲಭಕ್ಕೆ ಮಣಿಯುವುದಿಲ್ಲ, ಪಾಲಿಯೆಸ್ಟರ್ ಅಂತೂ ಮೊಂಡು.

ಲೈನಿಂಗ್‌ನ ಬೆನ್ನಿನ ನಡುವೆ ಒಂದು ಮಡಿಕೆ ಇರುತ್ತದೆ, ಕೈ ಮುಂದೆ ಚಾಚಿದಾಗ ಒಳಗಿನ ಬಟ್ಟೆ ಹರಿಯದಿರಲಿ ಅಂತ. ಹೀಗೆ ಹೊರ ಬಟ್ಟೆ, ಲೈನಿಂಗ್, ಒಳಗೆ ಬಿಗಿ ಕೊಡುವ ಕ್ಯಾನ್ವಾಸ್ ಅಂತ ಸೇರಿ ಒಂದು ಜಾಕೆಟ್‌ಗೆ 15, 20 ತುಂಡು ಸುಲಭವಾಗಿ ಆಗುತ್ತವೆ.

ಶನೆಲ್ ಜಾಕೆಟ್‌ನ ಕಥೆಯೂ ಇಂಥದ್ದೇ. ಕೊಕೊ ಶನೆಲ್ 1954ರಲ್ಲಿ, 70 ವರ್ಷ ದಾಟಿದ ಮೇಲೆ, ಮುಚ್ಚಿದ್ದ ತನ್ನ ಫ್ಯಾಷನ್ ಮನೆಯನ್ನು ಮತ್ತೆ ತೆರೆದಳು. ಆಮೇಲಿನ ವರ್ಷಗಳಲ್ಲಿ ಅವಳ ಕಾಲರ್ ಇಲ್ಲದ ಟ್ವೀಡ್ (ಒರಟು ಉಣ್ಣೆ ಬಟ್ಟೆ) ಜಾಕೆಟ್ ಮನೆಮಾತಾಯಿತು. ನೋಡಲು ಕಾರ್ಡಿಗನ್ ತರಹ ಸರಳ. ಒಳಗೆ ಮಾತ್ರ ಟ್ವೀಡನ್ನೂ ರೇಷ್ಮೆ ಲೈನಿಂಗನ್ನೂ ಜೊತೆಯಾಗಿ ಸಾಲು ಸಾಲು ಹೊಲಿದಿರುತ್ತಾರೆ, ನಮ್ಮ ಕೌದಿಯ ಹಾಗೆ. ಸಡಿಲವಾಗಿ ನೇಯ್ದ ಬಟ್ಟೆಗೆ ಕ್ಯಾನ್ವಾಸ್ ಇಲ್ಲದೆಯೇ ಮೈ ಬರುವುದು ಅದರಿಂದ. ಕೆಳ ಅಂಚಿನ ಒಳಗೆ ಒಂದು ಲೋಹದ ಸರಪಳಿ, ಜಾಕೆಟ್ ನೆಟ್ಟಗೆ ಇಳಿಬೀಳಲು. ತನ್ನ ಡಿಸೈನನ್ನು ಬೇರೆಯವರು ನಕಲು ಮಾಡಿದರೆ ಶನೆಲ್ ಅಷ್ಟಾಗಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈ ಮನೆಯ ಒಳಗುಟ್ಟನ್ನು ಕೈಹೊಲಿಗೆ ಸಮೇತ ಕಲಿಸುವ ಪ್ಯಾಟರ್ನ್ ಬೇಕೆಂದರೆ ಮನೆ ಹೊಲಿಗೆಯವರು ಹುಡುಕುವುದು ವೋಗ್‌ಗಾಗಿ ಹೊಲಿಗೆ ಪುಸ್ತಕಗಳ ಲೇಖಕಿ ಕ್ಲೇರ್ ಶೇಫರ್ ಮಾಡಿದ 8804ನೇ ನಂಬರನ್ನು. ಲಕೋಟೆಯ ಮೇಲೆ ಶನೆಲ್ ಹೆಸರಿಲ್ಲ. ಅಂದರೆ ನಾವು ಹೇಳಿದ ಅರ್ಥದಲ್ಲಿ ಇದು ಡಿಸೈನರ್ ಪ್ಯಾಟರ್ನ್ ಅಲ್ಲವೇ ಅಲ್ಲ. ಆದರೂ ಡಿಸೈನರ್ ಹೆಸರು ಹೊತ್ತ ಎಷ್ಟೋ ಲಕೋಟೆಗಳಿಗಿಂತ ಇದರಿಂದ ಕಲಿಯುವುದು ಜಾಸ್ತಿ. ಕೆಲವು ಹೆಸರಾಂತ ಲಕೋಟೆಗಳಲ್ಲಿ ಹೊರ ಆಕಾರ ಮಾತ್ರ ಡಿಸೈನರ್‌ದು, ಒಳಗಿನ ಹೊಲಿಗೆಯನ್ನು ಮನೆಯವರಿಗಾಗಿ ಸುಲಭ ಮಾಡಿರುತ್ತಾರೆ.

ಈಗ ಸೈಜಿನ ಗೋಳು. ಅಂಗಡಿಯಲ್ಲಿ ನೀವು ಕೊಳ್ಳುವ ಸೈಜಿಗೂ ಪ್ಯಾಟರ್ನ್ ಸೈಜಿಗೂ ಸಂಬಂಧವೇ ಇಲ್ಲ. ವೋಗ್‌ನ 14 ಅಂದರೆ ಎದೆ 36, ಸೊಂಟ 28, ಹಿಪ್ 38 ಇಂಚು. ನಂಬರ್ ನೋಡಿ ಗಾಬರಿಯಾಗಬೇಡಿ, ಟೇಪ್ ನೋಡಿ. ಅದರಲ್ಲೂ ಜಾಕೆಟ್‌ಗೆ ಎದೆಯ ತುಂಬು ಅಳತೆಗಿಂತ ಕಂಕುಳ ಕೆಳಗೆ ಎದೆಯ ಮೇಲ್ಭಾಗದ ಸುತ್ತಳತೆ ಮುಖ್ಯ. ಈ ಎರಡರ ನಡುವೆ 2 ಇಂಚು ವ್ಯತ್ಯಾಸ ಇರುವ ಮೈಗೆಂದು ಪ್ಯಾಟರ್ನ್ ಬರೆದಿರುತ್ತಾರೆ. ನಿಮಗೆ ಅದಕ್ಕಿಂತ ಜಾಸ್ತಿ ಇದ್ದು, ತುಂಬು ಅಳತೆಗೆ ಸೈಜ್ ಆರಿಸಿದರೆ ಎದೆ ಸರಿಯಾಗುತ್ತದೆ, ಭುಜ ಜೋತುಬೀಳುತ್ತದೆ. ಭುಜಕ್ಕೆ ಸರಿಯಾದ ಸೈಜ್ ತೆಗೆದು, ಎದೆಯ ಹತ್ತಿರ ಕಾಗದವನ್ನೇ ಕತ್ತರಿಸಿ ಅಗಲ ಮಾಡುವುದು ಮೇಲು. ಭುಜವನ್ನು ಆಮೇಲೆ ಸರಿಮಾಡುವುದು ದೊಡ್ಡ ತಲೆನೋವು.

ಮೈಗೆ ಅಂಟಿದ ಹಾಗೆ ಹೊಲಿಯುವ ಬ್ಲೌಸಿನ ಅಭ್ಯಾಸ ಇರುವ ನಮಗೆ ಇನ್ನೊಂದು ಪದ ಗೊತ್ತಿರಬೇಕು: ಈಸ್. ಮೈ ಅಳತೆಗಿಂತ ಉಡುಪಿನಲ್ಲಿ ಬಿಡುವ ಸಡಿಲ. ಲೈನಿಂಗ್ ಇರುವ, ಮೈಗೆ ಹೊಂದುವ ಜಾಕೆಟ್‌ನಲ್ಲೇ ಎದೆಯ ಸುತ್ತ ಸುಮಾರು 4 ಇಂಚು ಸಡಿಲ ಇರುತ್ತದೆ. ಲೂಸ್ ಜಾಕೆಟ್ ಆದರೆ 6, 8, 10. ಆ ಸಡಿಲದಲ್ಲೇ ಡಿಸೈನರ್‌ನ ಕೈ ಇರುವುದು. "ಲೂಸ್ ಕಾಣ್ತಿದೆ" ಅಂತ ಎರಡೂ ಬದಿ ಹಿಡಿದು ಹೊಲಿದರೆ ಲಕೋಟೆಯ ಮೇಲಿನ ಹೆಸರು ಅಲ್ಲಿಗೆ ಅಳಿಸಿಹೋಯಿತು ಅಂತಲೇ ಲೆಕ್ಕ.

ಅದಕ್ಕೇ ಅನುಭವಿಗಳು ಮೊದಲು ಕೋರಾ ಬಟ್ಟೆಯಲ್ಲಿ ಕಚ್ಚಾ ಹೊಲಿದು ನೋಡುತ್ತಾರೆ. ಹಳೇ ಬೆಡ್‌ಶೀಟಾದರೂ ನಡೆಯುತ್ತದೆ. ಫ್ರೆಂಚರು ಇದಕ್ಕೆ ಟ್ವಾಲ್ ಅನ್ನುತ್ತಾರೆ, ಅಮೆರಿಕದವರು ಮಸ್ಲಿನ್. ಜಾಕೆಟ್ ವಿಷಯದಲ್ಲಿ ಈ ಹೆಜ್ಜೆ ಬಿಟ್ಟವರು ಕೆಡುತ್ತಾರೆ, ನಾನೂ ಕೆಟ್ಟಿದ್ದೇನೆ.

ಈಗ ಹೆಚ್ಚಿನವರು ಲಕೋಟೆ ತರಿಸುವುದಿಲ್ಲ, ಪಿಡಿಎಫ್ ಕೊಂಡು ಮನೆಯಲ್ಲೇ ಪ್ರಿಂಟ್ ಹಾಕುತ್ತಾರೆ. ಅಮೆರಿಕದಿಂದ ಸಾಗಣೆ ಖರ್ಚಿಲ್ಲ, ಕಾಯುವುದೂ ಇಲ್ಲ. ಸಣ್ಣ ಸಣ್ಣ ಸ್ವತಂತ್ರ ಡಿಸೈನರ್‌ಗಳು ಬೆಳೆದದ್ದೂ ಹೀಗೆಯೇ. ಅವರು ಕಂಪನಿಗೆ ಹೆಸರು ಕೊಡುವ ಡಿಸೈನರ್ ಅಲ್ಲ, ಪ್ಯಾಟರ್ನ್‌ಗೆಂದೇ ಡಿಸೈನ್ ಮಾಡುವವರು. ಹಾಗಾಗಿ 'ಡಿಸೈನರ್ ಪ್ಯಾಟರ್ನ್' ಅನ್ನುವ ಪದದ ಅರ್ಥವೂ ಈಗ ಸ್ವಲ್ಪ ಹಿಗ್ಗಿದೆ. ನನ್ನ ಮೊದಲ ಜಾಕೆಟ್ ಇಂಥದ್ದೇ ಒಂದು ಪಿಡಿಎಫ್. ಮೂವತ್ತಕ್ಕೂ ಹೆಚ್ಚು ಎ4 ಹಾಳೆ, ರಾತ್ರಿಯಿಡೀ ಟೇಪ್ ಅಂಟಿಸಿದ್ದೆ. ಮೊದಲ ಹಾಳೆಯಲ್ಲೇ ಒಂದು ಚೌಕ ಇತ್ತು, ಸ್ಕೇಲ್ ಹಿಡಿದು ಅಳೆದು ನೋಡಿ ಅಂತ ಬರೆದಿತ್ತು. ಯಾರು ನೋಡುತ್ತಾರೆ? ಪ್ರಿಂಟರ್ 'ಫಿಟ್ ಟು ಪೇಜ್' ಅಂತ ಎಲ್ಲವನ್ನೂ ನೂರಕ್ಕೆ ಐದರಷ್ಟು ಕುಗ್ಗಿಸಿತ್ತು. ಐದು ಅಂದರೆ ಏನು ಮಹಾ ಅನ್ನಿಸುತ್ತದೆ. 40 ಇಂಚು ಸುತ್ತಳತೆಯ ಜಾಕೆಟ್‌ನಲ್ಲಿ 2 ಇಂಚು ಹೋಯಿತು. ಅದೀಗ ನನ್ನ ತಂಗಿಯ ಮಗಳ ಬಳಿ ಇದೆ. ಅವಳಿಗೆ ಹೇಳಿ ಹೊಲಿಸಿದ ಹಾಗಿದೆ.

ಮಾರ್ಜಿನ್ ವಿಷಯ ಒಂದನ್ನು ಹೇಳಿಬಿಡುತ್ತೇನೆ. ಅಮೆರಿಕದ ದೊಡ್ಡ ಕಂಪನಿಗಳ ಪ್ಯಾಟರ್ನ್‌ನಲ್ಲಿ ಹೊಲಿಗೆಗೆ ಬಿಡುವ ಒಂದೂವರೆ ಸೆಂಟಿಮೀಟರ್ ಸೇರಿಯೇ ಇರುತ್ತದೆ. ಜರ್ಮನಿಯ ಬುರ್ಡಾ ಪತ್ರಿಕೆಯಲ್ಲಿ ಅದು ಇರುವುದಿಲ್ಲ, ನೀವೇ ಸೇರಿಸಬೇಕು. ಅಲ್ಲಿ ಒಂದೇ ಹಾಳೆಯ ಮೇಲೆ ಹತ್ತಾರು ಉಡುಪುಗಳ ಗೆರೆಗಳು ಒಂದರ ಮೇಲೊಂದು ಬಿದ್ದಿರುತ್ತವೆ. ರೈಲ್ವೆ ನಕ್ಷೆ ನೋಡಿದ ಹಾಗೆ. ನಿಮ್ಮ ಬಣ್ಣದ ಗೆರೆ ಹುಡುಕಿ ಬೇರೆ ಕಾಗದಕ್ಕೆ ಇಳಿಸಿಕೊಳ್ಳಬೇಕು.

ಬಟ್ಟೆ ಎಷ್ಟು ಬೇಕು ಅನ್ನುವ ಲೆಕ್ಕವನ್ನು ಲಕೋಟೆಯ ಹಿಂದೆ ಸಾಮಾನ್ಯವಾಗಿ 45 ಇಂಚು, 60 ಇಂಚು ಅಗಲಕ್ಕೆ ಕೊಟ್ಟಿರುತ್ತಾರೆ. ನಮ್ಮ ಕೈಮಗ್ಗದ ಬಟ್ಟೆಗಳು ಆ ಲೆಕ್ಕಕ್ಕೆ ಸಿಗುವುದಿಲ್ಲ. ಗುಳೇದಗುಡ್ಡದ ಖಣದಲ್ಲಿ ಗಿಡ್ಡ ಜಾಕೆಟ್ ತುಂಬಾ ಚೆನ್ನಾಗಿ ಬರುತ್ತದೆ, ಮೈಯೂ ಇದೆ, ಹೊಳಪೂ ಇದೆ. ಆದರೆ ಖಣ ನೇಯ್ದದ್ದು ಕುಪ್ಪಸಕ್ಕೆ, ಅಗಲ ಕಮ್ಮಿ. ಮಡಚಿ ಎರಡು ಪದರದಲ್ಲಿ ಕತ್ತರಿಸಲು ಹೋದರೆ ಬೆನ್ನಿನ ತುಂಡು ಕೂರುವುದಿಲ್ಲ. ಒಂದೊಂದೇ ತುಂಡನ್ನು ಒಂಟಿ ಪದರದಲ್ಲಿ ಇಡಬೇಕು. ಕಾಗದದ ಮೇಲಿನ ಉದ್ದ ಬಾಣ ಬಟ್ಟೆಯ ಅಂಚಿಗೆ ಸಮಾನಾಂತರವಾಗಿರಬೇಕು, ಇಲ್ಲದಿದ್ದರೆ ಎರಡು ಒಗೆತಕ್ಕೇ ಜಾಕೆಟ್ ತಿರುಚಿಕೊಳ್ಳುತ್ತದೆ. ಬುಟ್ಟಾ ತಲೆಕೆಳಗಾಗಬಾರದು ಅಂದರೆ ಎಲ್ಲ ತುಂಡೂ ಒಂದೇ ದಿಕ್ಕಿಗೆ. ಅಂಚನ್ನು ಎಲ್ಲಿ ಬರಿಸುವುದು ಅನ್ನುವುದೇ ಒಂದು ಸಂಜೆಯ ಕೆಲಸ. ನಾನು ತೋಳಿನ ತುದಿಗೆ ಬರಿಸಿದೆ.

ಆ ಖಣದ ಜಾಕೆಟ್‌ನ ಪ್ಯಾಟರ್ನ್ ಲಕೋಟೆ ಈಗಲೂ ಇದೆ. ಮುಂದುಗಡೆ ಡಿಸೈನರ್ ಹೆಸರು ದಪ್ಪಕ್ಷರದಲ್ಲಿ. ಹಿಂದುಗಡೆ ಪೆನ್ಸಿಲ್‌ನಲ್ಲಿ ನನ್ನದು: "ಬಲ ಭುಜ ಅರ್ಧ ಸೆಂ.ಮೀ. ಇಳಿಸು. ತೋಳು 2 ಸೆಂ.ಮೀ. ಗಿಡ್ಡ. ಖಣಕ್ಕೆ 1 ಮೀಟರ್ ಜಾಸ್ತಿ ತಗೋ."