ಆರು ಮಿಲಿಮೀಟರಿನ ಭಯ

ಎರಡು ವರ್ಷದ ಹಿಂದೆ ತಿಪಟೂರು ಕಡೆಯ ನಿವೃತ್ತ ಟೀಚರೊಬ್ಬರು ಕುರ್ಚಿಯಲ್ಲಿ ಕೂರುವ ಮೊದಲೇ ಫೈಲು ನನ್ನತ್ತ ತಳ್ಳಿ, "ಕ್ಯಾನ್ಸರ್ ಅಂತೆ, ತೆಗೆದುಬಿಡಿ ಡಾಕ್ಟ್ರೇ" ಅಂದರು. ಹುಟ್ಟುಹಬ್ಬಕ್ಕೆಂದು ಅಮೆರಿಕದ ಮಗ ಫುಲ್ ಬಾಡಿ ಚೆಕಪ್ ಮಾಡಿಸಿದ್ದ. ಕುತ್ತಿಗೆ ಸ್ಕ್ಯಾನಿನಲ್ಲಿ ಥೈರಾಯ್ಡಿನೊಳಗೆ 6 ಮಿಲಿಮೀಟರಿನ ಗಂಟು. ಅಷ್ಟು ಚಿಕ್ಕದಕ್ಕೆ ಸಾಮಾನ್ಯವಾಗಿ ಪರೀಕ್ಷೆಗೆಂದು ಸೂಜಿ ಚುಚ್ಚುವುದಿಲ್ಲ, ಆದರೆ ಯಾರೋ ಚುಚ್ಚಿದ್ದರು. ರಿಪೋರ್ಟು ಪ್ಯಾಪಿಲ್ಲರಿ ಕ್ಯಾನ್ಸರ್, ಅಂದರೆ ಥೈರಾಯ್ಡ್ ಕ್ಯಾನ್ಸರಿನಲ್ಲಿ ಅತಿ ಸಾಮಾನ್ಯವಾದ ಜಾತಿ.

ಇಂಥವರು ವಾರಕ್ಕೆ ಒಬ್ಬರಾದರೂ ಬರುತ್ತಾರೆ. ಎಲ್ಲರಿಗೂ ನಾನು ಹೇಳುವುದು ದಕ್ಷಿಣ ಕೊರಿಯಾದ ಕಥೆ. ನನ್ನ ನರ್ಸಿಗೆ ಅದು ಬಾಯಿಪಾಠವಾಗಿದೆ.

ಅಲ್ಲಿನ ಸರ್ಕಾರ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಶುರುಮಾಡಿತು. ಪಟ್ಟಿಯಲ್ಲಿ ಥೈರಾಯ್ಡ್ ಇರಲಿಲ್ಲ. ಆದರೆ ಬೇರೆ ತಪಾಸಣೆಗೆ ಬಂದವರಿಗೆ, ಇನ್ನೊಂದಿಷ್ಟು ದುಡ್ಡು ಕೊಟ್ಟರೆ ಕುತ್ತಿಗೆಯನ್ನೂ ನೋಡುತ್ತೇವೆ ಎಂದು ಆಸ್ಪತ್ರೆಗಳು ಕರೆದವು. ಜನ ಒಪ್ಪಿದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ಕ್ಕಿಂತ 15 ಪಟ್ಟು ಏರಿತ್ತು. ಒಂದೇ ವರ್ಷದಲ್ಲಿ 40,000ಕ್ಕೂ ಹೆಚ್ಚು ಜನ! ದೇಶದಲ್ಲಿ ಅತಿ ಹೆಚ್ಚು ಪತ್ತೆಯಾಗುವ ಕ್ಯಾನ್ಸರ್ ಅದೇ ಆಯಿತು. ಸಾವು? ವರ್ಷಕ್ಕೆ ಮುನ್ನೂರು ನಾನೂರರ ಆಸುಪಾಸು. ಏರಲೂ ಇಲ್ಲ, ಇಳಿಯಲೂ ಇಲ್ಲ.

ಇಲ್ಲೇ ಎಲ್ಲರೂ ಜಾರುವುದು. "ಬೇಗ ಕಂಡುಹಿಡಿದಿದ್ದಕ್ಕೇ ಬದುಕಿದರು" ಅನ್ನುತ್ತಾರೆ. ಅಲ್ಲ. ಬೇಗ ಹಿಡಿದದ್ದರಿಂದ ಜೀವ ಉಳಿದಿದ್ದರೆ ಸಾವಿನ ಸಂಖ್ಯೆ ಇಳಿಯಬೇಕಿತ್ತು. ರೋಗವೇ 15 ಪಟ್ಟಾಗಿದ್ದರೆ ಅದು ಏರಬೇಕಿತ್ತು. ಎರಡೂ ಆಗಲಿಲ್ಲ. ಅಟ್ಟಕ್ಕೆ ಟಾರ್ಚ್ ಬಿಟ್ಟರೆ ಇಪ್ಪತ್ತು ಹಲ್ಲಿ ಕಾಣುತ್ತವೆ. ಹಲ್ಲಿ ಇವತ್ತು ಹುಟ್ಟಿದವಲ್ಲ, ಟಾರ್ಚ್ ಹೊಸದು. ಫಿನ್ಲೆಂಡಿನಲ್ಲಿ ಬೇರೆ ಕಾರಣಕ್ಕೆ ಸತ್ತ 101 ಜನರ ಥೈರಾಯ್ಡನ್ನು ತೆಳುವಾಗಿ ಕೊಯ್ದು ನೋಡಿದಾಗ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಪುಟ್ಟ ಪ್ಯಾಪಿಲ್ಲರಿ ಕ್ಯಾನ್ಸರ್ ಸಿಕ್ಕಿತು. 1985ರ ವರದಿ ಇದು. ಗಂಟು ಇದೆಯೆಂದೇ ಗೊತ್ತಿಲ್ಲದೆ ಬದುಕಿ, ಇನ್ನೇನಕ್ಕೋ ಹೋದವರು ಅವರೆಲ್ಲ.

"ಐದು ವರ್ಷ ಬದುಕುವವರು ನೂರಕ್ಕೆ ನೂರು" ಎಂಬ ಹೆಮ್ಮೆಯ ಅಂಕಿಯೂ ಇದೇ ಟಾರ್ಚಿನದು. ಹೇಗೂ ಸಾಯದಿದ್ದವರನ್ನೆಲ್ಲ ರೋಗಿಗಳ ಪಟ್ಟಿಗೆ ಸೇರಿಸಿದರೆ ಯಾವ ಚಿಕಿತ್ಸೆಯ ಫಲಿತಾಂಶವೂ ಫಸ್ಟ್ ಕ್ಲಾಸೇ.

2014ರಲ್ಲಿ ಕೊರಿಯಾದ ಕೆಲವು ವೈದ್ಯರು ಬಹಿರಂಗವಾಗಿ "ಲಕ್ಷಣವಿಲ್ಲದವರ ಕುತ್ತಿಗೆ ಸ್ಕ್ಯಾನ್ ನಿಲ್ಲಿಸಿ" ಅಂದರು. ಒಂದು ವರ್ಷದಲ್ಲೇ ಶಸ್ತ್ರಚಿಕಿತ್ಸೆ ಶೇ. 35ರಷ್ಟು ಕುಸಿಯಿತು. ಅದಕ್ಕೆ ಮೊದಲು ಕೊಯ್ಸಿಕೊಂಡವರ ಪೈಕಿ ಶೇ. 11ರಷ್ಟು ಮಂದಿಗೆ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕೈಕೊಟ್ಟಿದ್ದವು, ಶೇ. 2ರಷ್ಟು ಮಂದಿಯ ಧ್ವನಿತಂತು ಸೋತಿತ್ತು. ಪೂರ್ತಿ ಗ್ರಂಥಿ ತೆಗೆಸಿಕೊಂಡವರಿಗೆ ಜೀವನಪೂರ್ತಿ ಬೆಳಿಗ್ಗೆ ಖಾಲಿಹೊಟ್ಟೆಗೆ ಮಾತ್ರೆ. ನಾನೂ ಕೊಯ್ಯುವವನೇ, ಆ ಕೆಲಸ ನನಗೆ ಇಷ್ಟ. ಆದರೂ ಹೇಳುತ್ತಿದ್ದೇನೆ.

ಇದನ್ನು ಓದಿ ಯಾರೂ ಗಂಟನ್ನು ಮರೆತು ಕೂರಬಾರದು. ಕೈಗೆ ಸಿಗುವ ಗಂಟು, ಬೆಳೆಯುತ್ತಿರುವ ಗಂಟು, ಒಡೆದ ದನಿ, ನುಂಗುವಾಗ ತೊಡಕು, ಬಾಲ್ಯದಲ್ಲಿ ಕುತ್ತಿಗೆಗೆ ರೇಡಿಯೇಷನ್, ಮನೆಯವರಲ್ಲಿ ಯಾರಿಗಾದರೂ ಮೆಡುಲ್ಲರಿ ಎಂಬ ಜಾತಿಯ ಥೈರಾಯ್ಡ್ ಕ್ಯಾನ್ಸರ್: ಇವುಗಳಲ್ಲಿ ಒಂದಿದ್ದರೂ ತಕ್ಷಣ ಬನ್ನಿ. ಅನಾಪ್ಲಾಸ್ಟಿಕ್ ಎಂಬ ಜಾತಿಯಂತೂ ತಿಂಗಳುಗಳಲ್ಲಿ ಕೊಲ್ಲುತ್ತದೆ, ಅಪರೂಪ ಅಷ್ಟೇ. ರೋಗ ನಿಜವಾಗಿ ಒಂದಿಷ್ಟೂ ಹೆಚ್ಚಿಲ್ಲ ಎಂದು ನಾನು ಆಣೆ ಮಾಡುವುದಿಲ್ಲ. ಬೊಜ್ಜು, ಸಿಟಿ ಸ್ಕ್ಯಾನಿನ ವಿಕಿರಣ ಎಂದು ಚರ್ಚೆಯಿದೆ. ಆದರೆ ನಮ್ಮ ದೇಶದ ಕ್ಯಾನ್ಸರ್ ರೋಗಿಗಳ ಲೆಕ್ಕವಿಡುವ ರಿಜಿಸ್ಟ್ರಿಗಳಲ್ಲೂ ಪಕ್ಕದ ತಿರುವನಂತಪುರದ ಹೆಂಗಸರಲ್ಲಿ ಅಂಕಿ ಅಷ್ಟು ಮೇಲಿರುವುದನ್ನು ನೋಡಿ ಉಪ್ಪನ್ನೋ ಎಲೆಕೋಸನ್ನೋ ಬೈಯುವ ಮೊದಲು, ಅಲ್ಲಿ ಎಷ್ಟು ಸ್ಕ್ಯಾನ್ ಯಂತ್ರಗಳಿವೆ ಎಂದು ಕೇಳಿ.

ಮೇಷ್ಟ್ರಮ್ಮನಿಗೆ ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯ ವಿಷಯವನ್ನೂ ಹೇಳಿದೆ. 1993ರಿಂದ ಅಲ್ಲಿ ಇಂಥ ಚಿಕ್ಕ ಕ್ಯಾನ್ಸರನ್ನು ಕೊಯ್ಯದೆ ಕಾದು ನೋಡುತ್ತಿದ್ದಾರೆ. ಹಾಗೆ ಕಾದ 1,235 ಜನರ ಲೆಕ್ಕದಲ್ಲಿ, ಹತ್ತು ವರ್ಷಕ್ಕೆ 3 ಮಿಲಿಮೀಟರ್ ಬೆಳೆದದ್ದು ಶೇ. 8ರಷ್ಟು ಮಂದಿಯಲ್ಲಿ, ಅದರಿಂದ ಸತ್ತವರು ಒಬ್ಬರೂ ಇಲ್ಲ. ವಯಸ್ಸಾದವರಲ್ಲಿ ಬೆಳವಣಿಗೆ ಇನ್ನೂ ನಿಧಾನ. ಮಗ ವಿಡಿಯೋ ಕಾಲಿನಲ್ಲಿ ಅರ್ಧ ಗಂಟೆ ನನ್ನನ್ನು ವಿಚಾರಿಸಿಕೊಂಡ. ಕೊನೆಗೆ ಅಮ್ಮನೇ "ನಿನ್ನ ಗಂಟಲ್ಲ ಅದು, ನಂದು. ಸುಮ್ನಿರು" ಅಂದರು.

ಕಳೆದ ತಿಂಗಳು ಬಂದಿದ್ದರು. ಗಂಟು ಇನ್ನೂ 6 ಮಿಲಿಮೀಟರೇ. ಹತ್ತು ನಿಮಿಷ ಮಂಡಿ ನೋವಿನ ಮಾತಾಡಿ, ಎದ್ದು ಹೋಗುವಾಗ ಬ್ಯಾಗಿನಿಂದ ಇನ್ನೊಂದು ಫೈಲು ತೆಗೆದರು.

"ನನ್ನ ತಂಗೀದು. ಅವಳಿಗೂ ಒಂದು ಸ್ಕ್ಯಾನ್ ಮಾಡಿಸ್ಕೋ ಅಂತ ನಾನೇ ಹೇಳಿದ್ದೆ. ನಾಲ್ಕು ಮಿಲಿಮೀಟರ್ ಅಂತೆ."