ಕೆರೆಗೆ ಸ್ವಲ್ಪ ಅಂಚು ಉಳಿಸಿ

ಕೆರೆ ಅಭಿವೃದ್ಧಿ ಕೆಲಸದ ಡ್ರಾಯಿಂಗ್ ಕೈಗೆ ಬಂದಾಗ ನಾನು ಮೊದ್ಲು ನೋಡೋದು ದಡದ ಕ್ರಾಸ್ ಸೆಕ್ಷನ್, ಅಂದ್ರೆ ದಡವನ್ನ ಅಡ್ಡ ಕತ್ತರಿಸಿದ್ರೆ ಕಾಣೋ ಆಕಾರ. ಬೆಂಗಳೂರಲ್ಲಿ ಬಹಳಷ್ಟು ಒಂದೇ ಥರ ಇರುತ್ತೆ, ಮಧ್ಯದ ಹೂಳು ತೆಗೆದು ಆ ಮಣ್ಣನ್ನೇ ಸುತ್ತ ಪೇರಿಸಿ, ಒಳಗಡೆ ಕಡಿದಾಗಿ ಕಲ್ಲು ಜೋಡ್ಸಿ, ಮೇಲೆ ವಾಕಿಂಗ್ ಪಾತ್. ಕೆರೆ ಬಾಣಲೆ ಆಗೋಗುತ್ತೆ.

ನಮ್ಮ ಹಳಬರು ಏರಿ ಕಟ್ಟಿದ್ದು ಒಂದು ಕಡೆ ಮಾತ್ರ, ಅಲ್ಲಿ ಅಲೆ ಬಡಿಯುತ್ತೆ ಅಂತ ಕಲ್ಲು ಹಾಕಿದ್ರು, ಅದು ಈಗ್ಲೂ ಬೇಕು. ಉಳಿದ ಕಡೆ ನೆಲ ಹಂಗೇ ಇಳಿಜಾರಾಗಿ ನೀರೊಳಗೆ ಹೋಗ್ತಿತ್ತು, ಮಳೆಗಾಲದಲ್ಲಿ ನೀರು ಮುಂದೆ ಬರೋದು, ಬೇಸಿಗೇಲಿ ಹಿಂದೆ ಸರಿಯೋದು, ಆಗ ಕೆರೆ ಅಂಗಳದಲ್ಲಿ ದನ ಮೇಯೋವು, ಹೂಳು ಗದ್ದೆಗೆ ಹೋಗೋದು. ಕೆರೆಯ ಜೀವ ಇರೋದು ಈ ಒದ್ದೆ ಅಂಚಲ್ಲೇ.

ಒಂದು ಜೊಂಡನ್ನ ಬುಡಸಮೇತ ಕಿತ್ತು ನೋಡಿ. ಬೇರಿನ ತುಂಬಾ ಲೋಳೆ, ಅದರಲ್ಲಿ ಕಾಳಿನಷ್ಟಿರೋ ಬಸವನಹುಳ, ಏರೋಪ್ಲೇನ್ ಚಿಟ್ಟೆ ಮರಿ. ಎಲೆಯ ಟೊಳ್ಳಿಂದ ಗಾಳಿ ಬೇರಿಗಿಳಿಯುತ್ತೆ, ಅಲ್ಲಿನ ಬ್ಯಾಕ್ಟೀರಿಯಾ ಕೊಳಚೇಲಿರೋ ಅಮೋನಿಯಾನ ನೈಟ್ರೇಟ್ ಮಾಡುತ್ವೆ, ಪಕ್ಕದ ಗಾಳಿಯಾಡದ ಕೆಸರಲ್ಲಿ ಬೇರೆ ಬ್ಯಾಕ್ಟೀರಿಯಾ ಅದನ್ನ ಸಾರಜನಕ ಮಾಡಿ ಮೇಲಕ್ಕೆ ಬಿಡುತ್ವೆ. ಬೆಂಗಳೂರಿನ ಜಕ್ಕೂರು ಕೆರೇಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೀರನ್ನ ಮೊದ್ಲು ಜೊಂಡಿನ ವೆಟ್‌ಲ್ಯಾಂಡ್‌ಗೆ, ಅಂದ್ರೆ ಜೌಗು ಜಾಗಕ್ಕೆ ಬಿಡೋದು ಇದಕ್ಕೇ. ಆದ್ರೆ ಜೊಂಡು ಕೊಯ್ತಾ ಇರ್ಬೇಕು, ಇಲ್ಲಾಂದ್ರೆ ಅಲ್ಲೇ ಕೊಳೆತು ಹೀರಿದ್ದ ಫಾಸ್ಫರಸ್ ವಾಪಸ್ ನೀರಿಗೇ ಸೇರುತ್ತೆ.

ಹಕ್ಕಿಗಳೂ ಅಷ್ಟೇ. ಮೆಟ್ಟುಗಾಲು ಹಕ್ಕಿಗೆ ಗೇಣುದ್ದ ನೀರು ಸಾಕು, ಜಂಬುಕೋಳಿಗೆ ಗೂಡಿಗೆ ಜೊಂಡಿನ ಮರೆ ಬೇಕು. ಕಲ್ಲಿನ ದಡದಲ್ಲಿ ಎರಡೂ ಸಿಗಲ್ಲ.

ಬೆಂಗಳೂರಿನ ಕೆರೆ ಸುತ್ತ 75 ಮೀಟರ್ ಬಫರ್, ಅಂದ್ರೆ ಕಟ್ಟಡ ಕಟ್ಟದ ಜಾಗ ಬಿಡಿ ಅಂತ 2016ರಲ್ಲಿ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಹೇಳಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. ಆ ಜಗಳ ಪೂರ್ತಿ ಕೆರೆ ಹೊರಗಿನ ಜಾಗದ್ದು, ಬೇಲಿ ಒಳಗೆ ನಮ್ಮ ಕೈಯಲ್ಲೇ ಇರೋ ದಡದ ಬಗ್ಗೆ ಯಾರೂ ಮಾತಾಡಲ್ಲ, ನನಗೆ ಸಂಕಟ ಆಗೋದು ಅಲ್ಲಿ.

ನಿಮ್ಮ ಏರಿಯಾ ಕೆರೆ ಕೆಲಸಕ್ಕೆ ಮೀಟಿಂಗ್ ಕರೆದ್ರೆ ದಯವಿಟ್ಟು ಹೋಗಿ, ಏರಿ ಬಿಟ್ಟು ಉಳಿದ ಕಡೆ ಇಳಿಜಾರು ಎಷ್ಟಿದೆ ಕೇಳಿ. ನನ್ನ ಲೆಕ್ಕ ಇಷ್ಟೇ, ಹತ್ತು ಅಡಿ ಒಳಗೆ ನಡೆದ್ರೂ ನೀರು ಮೊಣಕಾಲು ದಾಟಬಾರದು. ಪಾತ್ ಒಂದು ಕಡೆಯಾದ್ರೂ ನೀರಿಂದ ದೂರ ಹೋಗ್ಲಿ, ಲಾನ್ ಬೇಡ, ಮೇಲ್ಗಡೆ ಹೊಂಗೆ ಇರ್ಲಿ, ನೀರಿನ ಹತ್ರ ಲಾವಂಚ ಇರ್ಲಿ. ಜೆಸಿಬಿ ಇಳಿಯೋ ಮುಂಚೆ ಅಂಚಿನ ಮೇಲ್ಮಣ್ಣನ್ನ ಬೇರೆ ತೆಗೆದಿಡ್ಸಿ, ಕೆಸರಲ್ಲಿ ಬೀಜ ಗೆಡ್ಡೆ ಎಲ್ಲಾ ಇರುತ್ವೆ, ಕೆಲಸ ಮುಗಿದ್ಮೇಲೆ ಅದನ್ನೇ ದಡಕ್ಕೆ ಹರಡಿದ್ರೆ ಮಳೆ ಬಿದ್ದಾಗ ಜೊಂಡು, ಆಪು ಹುಲ್ಲು ತಾವಾಗೇ ಏಳುತ್ವೆ.